ಹೆಣ್ಣಿನ ಮೆದುಳು, ಗಂಡಿನ ಮೆದುಳು: ಈ ಪಾಠವನ್ನು ಯಾವ ಮೇಷ್ಟ್ರು ಮಾಡಬೇಕು?

ಇಂಜಿನಿಯರಿಂಗ್ ಮೊದಲ ವರ್ಷದ ಡ್ರಾಯಿಂಗ್ ಕ್ಲಾಸು. ಆರು ಮೂಲೆಯ ಒಂದು ಪಿರಮಿಡ್ಡನ್ನು ಓರೆಯಾಗಿ ನಿಲ್ಲಿಸಿದರೆ ಮೇಲಿಂದ ಹೇಗೆ ಕಾಣುತ್ತೆ, ಎದುರಿನಿಂದ ಹೇಗೆ ಕಾಣುತ್ತೆ ಅಂತ ಬಿಡಿಸಬೇಕು. ಪ್ರೊಜೆಕ್ಷನ್ ಆಫ್ ಸಾಲಿಡ್ಸ್. ಇಂಜಿನಿಯರಿಂಗ್ ಓದಿದವರಿಗೆ ಈ ಹೆಸರು ಕೇಳಿದರೆ ಇವತ್ತಿಗೂ ಹೊಟ್ಟೆಯಲ್ಲಿ ಏನೋ ಒಂಥರಾ ಆಗುತ್ತೆ. ನನ್ನ ಪಕ್ಕದ ಟೇಬಲ್ಲಿನ ಹುಡುಗಿ ಮೂರನೇ ಸಲ ರಬ್ಬರ್ ಹಿಡಿದಿದ್ದಳು. ಮೇಷ್ಟ್ರು ಬಂದು ಅವಳ ಶೀಟ್ ನೋಡಿ, ಇಡೀ ಕ್ಲಾಸಿಗೆ ಕೇಳುವ ಹಾಗೆ ಹೇಳಿದರು: “ಇದು ಇವಳ ತಪ್ಪಲ್ಲ ಕಣ್ರಪ್ಪಾ. ಹೆಣ್ಮಕ್ಕಳ ಮೆದುಳಲ್ಲಿ ತ್ರೀಡಿ ಕೂರಲ್ಲ. ಸೈನ್ಸೇ ಹೇಳುತ್ತೆ.” ಕ್ಲಾಸು ನಕ್ಕಿತು. ನಾನೂ ನಕ್ಕೆ.

ನನ್ನ ಶೀಟೂ ತಪ್ಪಾಗಿತ್ತು. ಅದನ್ನು ನೋಡಿ ಮೇಷ್ಟ್ರು ಹೇಳಿದ್ದು ಇಷ್ಟೇ: “ಪ್ರಾಕ್ಟೀಸ್ ಮಾಡೋ.”

ಮೆಕ್ಯಾನಿಕಲ್ ಬೇಕು ಅಂತ ಹಟ ಹಿಡಿದು ಸೀಟು ತಗೊಂಡಿದ್ದವಳು ಆಕೆ. ವರ್ಷದ ಕೊನೆಯಲ್ಲಿ ಬ್ರಾಂಚ್ ಬದಲಿಸಿಕೊಂಡು ಇನ್ಫರ್ಮೇಷನ್ ಸೈನ್ಸ್‌ಗೆ ಹೋದಳು. ಅದಕ್ಕೆ ಆ ಒಂದು ಮಾತೇ ಕಾರಣ ಅಂತ ನಾನು ಹೇಳಲಾರೆ. ಆದರೆ ಒಂದೇ ತಪ್ಪಿಗೆ ಆಕೆಗೆ ಸಿಕ್ಕಿದ್ದು ಕಾರಣ, ನನಗೆ ಸಿಕ್ಕಿದ್ದು ಸಲಹೆ. ಇದು ನನಗೆ ಹೊಳೆಯಲು ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಈಗ ನನ್ನನ್ನು ಕಾಡುವುದು ಆ ಮೇಷ್ಟ್ರ ಮಾತಿಗಿಂತ ನಮ್ಮ ಮೌನ. ಅರವತ್ತು ಜನ ಸೈನ್ಸ್ ವಿದ್ಯಾರ್ಥಿಗಳಿದ್ದೆವು. “ಯಾವ ಸೈನ್ಸ್ ಸಾರ್? ಯಾರು, ಎಷ್ಟು ಜನರನ್ನು, ಹೇಗೆ ಅಳೆದರು?” ಅಂತ ಒಬ್ಬರೂ ಕೇಳಲಿಲ್ಲ. ಧೈರ್ಯ ಇರಲಿಲ್ಲ ಅನ್ನುವುದು ಸರಿ. ಕೇಳುವ ವಿದ್ಯೆಯೂ ಇರಲಿಲ್ಲ ಅನ್ನುವುದು ಹೆಚ್ಚು ಸರಿ. ನಾಲ್ಕು ವರ್ಷದಲ್ಲಿ ನಮಗೆ ಮೆದುಳಿನ ಬಗ್ಗೆ ಒಂದು ಪಾಠ ಇರಲಿಲ್ಲ. ಜೆಂಡರ್ ಬಗ್ಗೆ ಇದ್ದದ್ದು ಮಾರ್ಚ್ 8ರ ಕಾರ್ಯಕ್ರಮ: ಒಂದು ಬ್ಯಾನರ್, ಒಂದು ರಂಗೋಲಿ ಸ್ಪರ್ಧೆ, ಮುಖ್ಯ ಅತಿಥಿಯ ಭಾಷಣ, ಸಮೋಸ.

ಈ ಎರಡು ವಿಷಯಗಳನ್ನು, ಅಂದರೆ ಮೆದುಳಿನ ವಿಜ್ಞಾನ ಮತ್ತು ಜೆಂಡರ್ ಅಧ್ಯಯನವನ್ನು, ಒಂದೇ ಪೇಪರಿನಲ್ಲಿ, ಒಂದೇ ಕ್ಲಾಸ್‌ರೂಮಿನಲ್ಲಿ ಕಲಿಸಬೇಕು ಅನ್ನುವುದು ನನ್ನ ವಾದ. ಇದೇನೂ ನನ್ನ ಹೊಸ ಶೋಧವಲ್ಲ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ದೆಬೊಲೀನಾ ರಾಯ್ ಪಿಎಚ್‌ಡಿ ಮಾಡಿದ್ದು ಮೆದುಳಿನ ಜೀವಕೋಶಗಳು ಮತ್ತು ಹಾರ್ಮೋನುಗಳ ಮೇಲೆ. ಅವರು ಅಲ್ಲಿ ನರವಿಜ್ಞಾನ ಮತ್ತು ಮಹಿಳಾ ಅಧ್ಯಯನ ಎರಡೂ ಕಡೆ ಪಾಠ ಮಾಡಿದವರು. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ರೆಬೆಕಾ ಜೋರ್ಡನ್-ಯಂಗ್, ಗರ್ಭದಲ್ಲೇ ಹಾರ್ಮೋನುಗಳು ಮೆದುಳನ್ನು ಗಂಡು-ಹೆಣ್ಣಾಗಿ ತಿದ್ದಿಬಿಡುತ್ತವೆ ಅನ್ನುವ ಸಿದ್ಧಾಂತಕ್ಕೆ ಆಧಾರವಾಗಿದ್ದ ನೂರಾರು ಅಧ್ಯಯನಗಳನ್ನು ಸಾಲಾಗಿ ಕೂರಿಸಿ ಪರಿಶೀಲಿಸಿ 2010ರಲ್ಲಿ ‘ಬ್ರೈನ್ ಸ್ಟಾರ್ಮ್’ ಅನ್ನುವ ಪುಸ್ತಕ ಬರೆದರು. ಅಂಥ ತರಗತಿಗಳು ಅಲ್ಲಿ ಇವೆ. ಇಲ್ಲಿ ಯಾಕಿಲ್ಲ, ಇದ್ದರೆ ಹೇಗಿರಬೇಕು ಅನ್ನುವುದು ನನ್ನ ಪ್ರಶ್ನೆ.

ಮೊದಲು ನಮ್ಮ ರಾಜ್ಯದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 2021ರಲ್ಲಿ ದೇಶದಲ್ಲೇ ಮೊದಲು ಅಂತ ಬೆನ್ನು ತಟ್ಟಿಕೊಂಡು ಕರ್ನಾಟಕ ಎನ್‌ಇಪಿ ಜಾರಿ ಮಾಡಿತು. ನಾಲ್ಕು ವರ್ಷದ ಪದವಿ, ಓಪನ್ ಎಲೆಕ್ಟಿವ್, ಬಹುಶಿಸ್ತೀಯ ಕಲಿಕೆ ಅಂತೆಲ್ಲ ಮಾತಾಯಿತು. 2024ರ ಮೇ ತಿಂಗಳಲ್ಲಿ ಈಗಿನ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಅಂತಿಮ ವರದಿ ಕೊಟ್ಟಿತು. ಮೂರು ವರ್ಷವೋ ನಾಲ್ಕು ವರ್ಷವೋ, ಯಾವ ಭಾಷೆ ಎಷ್ಟು ಅನ್ನುವ ಜಗಳ ಬೇಕಾದದ್ದೇ. ಆದರೆ ಎರಡು ವಿಷಯಗಳು ಭೇಟಿಯಾದಾಗ ವಿದ್ಯಾರ್ಥಿ ಏನು ಕಲಿಯುತ್ತಾನೆ, ಏನು ಕಲಿಯುತ್ತಾಳೆ ಅನ್ನುವ ಚರ್ಚೆ ಎರಡೂ ಪಕ್ಷದ ಕಾಲದಲ್ಲೂ ಜೋರಾಗಿ ಆಗಲಿಲ್ಲ. ಬಿಎಸ್ಸಿ ಹುಡುಗ ಒಂದು ಕಾಮರ್ಸ್ ಪೇಪರ್ ತಗೊಂಡ, ಬಿಎ ಹುಡುಗಿ ಒಂದು ಕಂಪ್ಯೂಟರ್ ಪೇಪರ್ ತಗೊಂಡಳು, ಅಲ್ಲಿಗೆ ಬಹುಶಿಸ್ತೀಯ ಮುಗಿಯಿತು. ಮುದ್ದೆ ಒಬ್ಬರ ಮನೆಯಲ್ಲಿ, ಸಾರು ಇನ್ನೊಬ್ಬರ ಮನೆಯಲ್ಲಿ ಇದ್ದಂಗೆ.

ಸರಿ, ಮೆದುಳಿಗೆ ಬರೋಣ.

2013ರ ಡಿಸೆಂಬರ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಾಗಿಣಿ ವರ್ಮಾ ಅವರ ತಂಡ ಒಂದು ಅಧ್ಯಯನ ಪ್ರಕಟಿಸಿತು. ಮೊದಲ ಲೇಖಕಿ ಮಧುರಾ ಇಂಗಳಹಳ್ಳಿಕರ್. 8ರಿಂದ 22 ವರ್ಷದ 949 ಜನರ ಮೆದುಳಿನ ಸ್ಕ್ಯಾನ್. ಸರಾಸರಿ ತೆಗೆದಾಗ ಹುಡುಗರಲ್ಲಿ ಮೆದುಳಿನ ಒಂದೇ ಅರ್ಧಗೋಳದ ಒಳಗಿನ ಸಂಪರ್ಕಗಳು ಹೆಚ್ಚು, ಹುಡುಗಿಯರಲ್ಲಿ ಎಡ-ಬಲ ಅರ್ಧಗೋಳಗಳ ನಡುವಿನ ಸಂಪರ್ಕಗಳು ಹೆಚ್ಚು ಅಂತ ಅವರು ಹೇಳಿದರು. ಜೊತೆಗೆ ಬಂದ ಚಿತ್ರ ನಿಮಗೆ ನೆನಪಿರಬಹುದು: ಒಂದು ಮೆದುಳಿನಲ್ಲಿ ಉದ್ದುದ್ದ ನೀಲಿ ಗೆರೆಗಳು, ಇನ್ನೊಂದರಲ್ಲಿ ಅಡ್ಡಡ್ಡ ಕಿತ್ತಳೆ ಗೆರೆಗಳು. ಪ್ರಪಂಚದ ಪತ್ರಿಕೆಗಳೆಲ್ಲ ಮಾರನೇ ದಿನ ಗಂಡಸರು ನಕ್ಷೆ ಓದುವುದರಲ್ಲಿ ಯಾಕೆ ಮುಂದು, ಹೆಂಗಸರು ಒಟ್ಟೊಟ್ಟಿಗೆ ಹತ್ತು ಕೆಲಸ ಮಾಡುವುದರಲ್ಲಿ ಯಾಕೆ ಮುಂದು ಅಂತ ಬರೆದವು. ನಾನು ಆಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಆ ಚಿತ್ರವನ್ನು ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡವರಲ್ಲಿ ನಾನೂ ಒಬ್ಬ. ‘ನಮ್ ಡ್ರಾಯಿಂಗ್ ಸಾರ್ ಹೇಳಿದ್ದು ನಿಜ ಆಯ್ತಲ್ಲಪ್ಪಾ’ ಅಂತ ಒಬ್ಬ ಹಳೇ ಕ್ಲಾಸ್‌ಮೇಟ್ ಕಾಮೆಂಟ್ ಹಾಕಿದ. ನಾನು ಅದಕ್ಕೆ ಲೈಕ್ ಒತ್ತಿದೆ.

ಆ ಪ್ರಬಂಧವನ್ನು ಈಗ ಕೂತು ಓದಿದರೆ ಕಾಣುವುದು ಬೇರೆ. ಅಲ್ಲಿ ಅಳೆದದ್ದು ನರತಂತುಗಳ ಜಾಡನ್ನು. ಸ್ಕ್ಯಾನರಿನೊಳಗೆ ಮಲಗಿದವರು ಯಾರೂ ನಕ್ಷೆ ಓದುತ್ತಿರಲಿಲ್ಲ, ಹತ್ತು ಕೆಲಸ ಮಾಡುತ್ತಿರಲಿಲ್ಲ. ಗೆರೆ ಹೀಗಿದೆ, ಆದ್ದರಿಂದ ಸ್ವಭಾವ ಹಾಗಿದೆ ಅನ್ನುವ ಜಿಗಿತ ಆಮೇಲೆ ಸೇರಿಕೊಂಡಿದ್ದು. ಇನ್ನೂ ಒಂದು ತೊಡಕು: ಗಂಡಸರ ದೇಹ ಸರಾಸರಿ ದೊಡ್ಡದು, ತಲೆಯೂ ದೊಡ್ಡದು. ದೊಡ್ಡ ಮೆದುಳಿನಲ್ಲಿ ಎಡದಿಂದ ಬಲಕ್ಕೆ ತಂತಿ ಎಳೆಯುವುದು ದುಬಾರಿ, ಹಾಗಾಗಿ ಒಳಗೊಳಗೇ ಸಂಪರ್ಕ ಹೆಚ್ಚುತ್ತದೆ. ಮರುವರ್ಷವೇ ಬಂದ ಬೇರೊಂದು ತಂಡದ ಅಧ್ಯಯನ ಇದನ್ನೇ ತೋರಿಸಿತು: ಈ ವ್ಯತ್ಯಾಸ ಮೆದುಳಿನ ಗಾತ್ರದ್ದು, ದೊಡ್ಡ ಮೆದುಳಿನ ಹೆಂಗಸರಲ್ಲೂ ಚಿಕ್ಕ ಮೆದುಳಿನ ಗಂಡಸರಲ್ಲೂ ಗಾತ್ರಕ್ಕೆ ತಕ್ಕ ಹಾಗೇ ಸಂಪರ್ಕ ಇರುತ್ತದೆ ಅಂತ. ಅದಕ್ಕೆ ಯಾವ ಪತ್ರಿಕೆಯೂ ಮುಖಪುಟ ಕೊಡಲಿಲ್ಲ. ಅಂದಹಾಗೆ, ಮೊದಲ ಅಧ್ಯಯನ ನಡೆಸಿದ ಇಬ್ಬರೂ ಭಾರತೀಯ ಮೂಲದ ವಿಜ್ಞಾನಿಗಳು, ಇಬ್ಬರೂ ಮಹಿಳೆಯರು. ‘ಗಂಡಸರ ಪಿತೂರಿ’ ಅಂತ ಸುಲಭಕ್ಕೆ ಕೈ ತೊಳೆದುಕೊಳ್ಳುವ ಹಾಗಿಲ್ಲ. ಒಂದು ಸಮಾಜಕ್ಕೆ ಮೊದಲೇ ಗೊತ್ತಿದೆ ಅನ್ನಿಸಿದ್ದನ್ನು ಹೇಳುವ ಫಲಿತಾಂಶ ಸಲೀಸಾಗಿ ಓಡುತ್ತದೆ, ಅಷ್ಟೆ.

ಈ ಓಟ ಹಳೆಯದು. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ 292 ಗಂಡಸರ, 140 ಹೆಂಗಸರ ಮೆದುಳು ತೂಗಿ ಸರಾಸರಿ 181 ಗ್ರಾಂ ವ್ಯತ್ಯಾಸ ಕಂಡ. ದೇಹದ ಗಾತ್ರ ಇದಕ್ಕೆ ಸ್ವಲ್ಪ ಕಾರಣ ಅಂತ ಅವನಿಗೆ ಗೊತ್ತಿತ್ತು. ಎಷ್ಟು ಕಾರಣ ಅಂತ ಲೆಕ್ಕ ಹಾಕುವ ಗೋಜಿಗೆ ಹೋಗಲಿಲ್ಲ. ಹೆಂಗಸರಿಗೆ ಬುದ್ಧಿ ಕಡಿಮೆ ಅಂತ ಹೇಗೂ ಗೊತ್ತಿದೆಯಲ್ಲ! ಅಮೆರಿಕದಲ್ಲಿ ವಿಲಿಯಂ ಹ್ಯಾಮಂಡ್ ಅನ್ನುವ ದೊಡ್ಡ ನರವೈದ್ಯ ಇದೇ ಹಾಡು ಹಾಡಿದಾಗ ಹೆಲೆನ್ ಹ್ಯಾಮಿಲ್ಟನ್ ಗಾರ್ಡನರ್ ಅನ್ನುವ ಲೇಖಕಿ ಮೆದುಳು ತಜ್ಞರ ಬಳಿಗೇ ಹೋಗಿ ಕೇಳಿದಳು: ಒಂದು ಮೆದುಳನ್ನು ನಿಮ್ಮ ಮುಂದಿಟ್ಟರೆ ಗಂಡಿನದ್ದೋ ಹೆಣ್ಣಿನದ್ದೋ ಹೇಳಬಲ್ಲಿರಾ? ಹೇಳಲಾಗದು ಅಂದರು. ಆಕೆ 1888ರಲ್ಲಿ ಅದನ್ನೇ ಪ್ರಬಂಧ ಮಾಡಿ ವಾಷಿಂಗ್ಟನ್ನಿನಲ್ಲಿ ಮಂಡಿಸಿದಳು. ಅಷ್ಟಕ್ಕೇ ಬಿಡದೆ ತನ್ನ ಮೆದುಳನ್ನೇ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಉಯಿಲು ಬರೆದಳು. 1925ರಲ್ಲಿ ಆಕೆ ತೀರಿಕೊಂಡ ಮೇಲೆ ತೂಗಿದರೆ 1150 ಗ್ರಾಂ. ಆ ಸಂಗ್ರಹವನ್ನು ಕಟ್ಟಿದ ಪ್ರೊಫೆಸರ್ ಬರ್ಟ್ ವೈಲ್ಡರ್ ಮೆದುಳಿನ ತೂಕವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಇಂಥ ಜಗಳಗಂಟಿ ಹೆಂಗಸರ ಹೆಸರು ನಮ್ಮ ಜೀವಶಾಸ್ತ್ರದ ಪಠ್ಯದಲ್ಲೂ ಇಲ್ಲ, ಮಹಿಳಾ ಅಧ್ಯಯನದ ಪಠ್ಯದಲ್ಲೂ ಇಲ್ಲ.

ನೀವು ಬೆಂಗಳೂರಿನವರಾದರೆ ನಿಮ್ಹಾನ್ಸ್‌ನ ಮೆದುಳು ಮ್ಯೂಸಿಯಮ್ಮಿಗೆ ಒಮ್ಮೆ ಹೋಗಿ ಬನ್ನಿ. ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿಯಲು ಕೊಡುತ್ತಾರೆ. ನಾನು ಹಿಡಿದಾಗ ಮೊದಲು ಅನ್ನಿಸಿದ್ದು ‘ಇಷ್ಟೇನಾ’ ಅಂತ. ಸುತ್ತ ಇಟ್ಟಿದ್ದ ಮೆದುಳುಗಳಲ್ಲಿ ಪಾರ್ಶ್ವವಾಯು, ಗಡ್ಡೆ, ಬೈಕ್ ಅಪಘಾತದ ಗುರುತುಗಳನ್ನು ತೋರಿಸಿದರು. ಕೈಯಲ್ಲಿದ್ದದ್ದು ಯಾರದ್ದು, ಗಂಡೋ ಹೆಣ್ಣೋ ಅಂತ ಕೇಳಲು ನೆನಪಾಗಿದ್ದು ಗೇಟಿನಾಚೆ ಬಂದ ಮೇಲೆ.

ಹಾಗಾದರೆ ವ್ಯತ್ಯಾಸವೇ ಇಲ್ಲವಾ? ಇಲ್ಲಿ ನಮ್ಮ ಕಡೆಯ ಗೆಳೆಯರು, ಪ್ರಗತಿಪರರು ಅಂತ ಕರೆದುಕೊಳ್ಳುವವರು, ಸ್ವಲ್ಪ ಅವಸರ ಮಾಡುತ್ತಾರೆ. 2015ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಡಾಫ್ನಾ ಜೋಯೆಲ್ ತಂಡ 1400ಕ್ಕೂ ಹೆಚ್ಚು ಮೆದುಳುಗಳ ಸ್ಕ್ಯಾನ್ ನೋಡಿ, ಬಹುತೇಕರ ಮೆದುಳು ಗಂಡಸರಲ್ಲಿ ಹೆಚ್ಚಾಗಿ ಕಾಣುವ, ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಲಕ್ಷಣಗಳ ಮಿಶ್ರಣ, ಮೊಸಾಯಿಕ್ ನೆಲದ ಹಾಗೆ ಅಂತ ಹೇಳಿತು. ಎಲ್ಲ ಲಕ್ಷಣಗಳೂ ಒಂದೇ ತುದಿಗಿರುವ ಮೆದುಳುಗಳು ನೂರಕ್ಕೆ ಹತ್ತನ್ನೂ ದಾಟಲಿಲ್ಲ. ಸಾಮಾಜಿಕ ಜಾಲತಾಣದಲ್ಲಿ ‘ಗಂಡು ಮೆದುಳು, ಹೆಣ್ಣು ಮೆದುಳು ಅನ್ನುವುದೆಲ್ಲ ಸುಳ್ಳು’ ಅಂತ ಸಂಭ್ರಮ. ಆದರೆ ಅಲ್ಲಿಗೆ ಮುಗಿಯಲಿಲ್ಲ. ಅದೇ ದತ್ತಾಂಶದಲ್ಲಿ ಎಲ್ಲ ಲಕ್ಷಣಗಳನ್ನೂ ಒಟ್ಟಿಗೆ ಲೆಕ್ಕಕ್ಕೆ ತಗೊಂಡರೆ ಗಂಡೋ ಹೆಣ್ಣೋ ಅಂತ ಸುಮಾರಾಗಿ ಊಹಿಸಬಹುದು ಅಂತ ಬೇರೆ ವಿಜ್ಞಾನಿಗಳು ಮರುವರ್ಷವೇ ಉತ್ತರ ಕೊಟ್ಟರು. 2024ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿನೋದ್ ಮೆನನ್ ತಂಡದ ಎಐ ಮಾದರಿ ಶೇ 90ಕ್ಕಿಂತ ಹೆಚ್ಚು ಸಲ ಸರಿಯಾಗಿ ಗುರುತಿಸಿತು.

ಈಗ ಏನ್ ಮಾಡೋಣ? ಇಲ್ಲಿ ನನ್ನೊಳಗಿನ ಇಂಜಿನಿಯರ್ ಸ್ವಲ್ಪ ಎದ್ದು ಕೂರುತ್ತಾನೆ. ಮಷೀನ್ ಲರ್ನಿಂಗ್ ಮಾಡಿದವರಿಗೆ ಗೊತ್ತು, ಗುರುತಿಸುವುದು ಬೇರೆ, ಕಾರಣ ಹೇಳುವುದು ಬೇರೆ. ಯಾರಾದರೂ ಫೋನಿನಲ್ಲಿ ಎರಡು ನಿಮಿಷ ಕನ್ನಡ ಮಾತಾಡಿದರೆ ಅವರು ಧಾರವಾಡದವರೋ ಮಂಗಳೂರಿನವರೋ ಅಂತ ನೀವೂ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಹೇಳುತ್ತೀರಿ. ವ್ಯತ್ಯಾಸ ನೂರಕ್ಕೆ ನೂರು ನಿಜ. ಅಷ್ಟಕ್ಕೇ ಧಾರವಾಡದ ನಾಲಿಗೆ ಹುಟ್ಟಿನಿಂದಲೇ ಬೇರೆ ಅಂತ ಯಾರಾದರೂ ಹೇಳುತ್ತಾರಾ? ಬೆಳೆಯುತ್ತಾ ಬೆಳೆಯುತ್ತಾ ಸುತ್ತಲಿನ ಮಾತು ನಾಲಿಗೆಯ ಮೇಲೆ ಕೂತಿತು. ಮೆದುಳೂ ಬಳಕೆಗೆ ತಕ್ಕಂತೆ ಬದಲಾಗುವ ಅಂಗ. ಲಂಡನ್ನಿನ ಟ್ಯಾಕ್ಸಿ ಚಾಲಕರ ಮೆದುಳಿನಲ್ಲಿ ಜಾಗಗಳ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರಿಗಿಂತ ದೊಡ್ಡದಿರುವುದನ್ನು ಎಲಿನರ್ ಮ್ಯಾಗೈರ್ 2000ದಲ್ಲೇ ತೋರಿಸಿದ್ದರು. ಇಪ್ಪತ್ತು ವರ್ಷ ಹುಡುಗನಾಗಿ, ಹುಡುಗಿಯಾಗಿ ಬದುಕಿದ ಮೆದುಳನ್ನು ಸ್ಕ್ಯಾನ್ ಮಾಡಿ ‘ಇದು ಪ್ರಕೃತಿ’ ಅನ್ನುವುದು ಹೇಗೆ? ಹಾಗೇ, ‘ಇದು ಪೂರ್ತಿ ಸಮಾಜ’ ಅನ್ನುವುದು ತಾನೇ ಹೇಗೆ? ಸ್ಕ್ಯಾನ್ ಈ ಎರಡನ್ನೂ ಬಿಡಿಸಿ ಹೇಳುವುದಿಲ್ಲ. 2021ರಲ್ಲಿ ಲೀಸ್ ಎಲಿಯಟ್ ಮತ್ತು ಸಂಗಡಿಗರು ಮೂವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗಂಡಸರ ಮೆದುಳು ಸರಾಸರಿ ಶೇ 11ರಷ್ಟು ದೊಡ್ಡದು, ಆ ಗಾತ್ರವನ್ನು ಲೆಕ್ಕದಿಂದ ಕಳೆದರೆ ಉಳಿಯುವ ವ್ಯತ್ಯಾಸದಲ್ಲಿ ಗಂಡು-ಹೆಣ್ಣು ಅನ್ನುವುದು ವಿವರಿಸುವುದು ಸುಮಾರು ಶೇ 1 ಮಾತ್ರ ಅಂದರು. ಇದನ್ನೂ ಒಪ್ಪದ ವಿಜ್ಞಾನಿಗಳಿದ್ದಾರೆ. ಜಗಳ ನಡೀತಿದೆ. ನಡೆಯುತ್ತಿರುವ ಜಗಳವನ್ನೇ ಕ್ಲಾಸಿಗೆ ತರಬೇಕು ಅನ್ನುತ್ತಿದ್ದೇನೆ ನಾನು.

ಬರೀ ನರವಿಜ್ಞಾನ ಕಲಿತರೆ ಸ್ಕ್ಯಾನಿನ ಬಣ್ಣ ಕಾಣುತ್ತದೆ, ಆ ಸ್ಕ್ಯಾನಿನೊಳಗೆ ಮಲಗಿದವಳು ಹದಿನೆಂಟು ವರ್ಷ ಯಾವ ಮನೆಯಲ್ಲಿ ಬೆಳೆದಳು ಅನ್ನುವುದು ಕಾಣುವುದಿಲ್ಲ. ಬರೀ ಜೆಂಡರ್ ಕಲಿತರೆ ‘ಎಲ್ಲವೂ ಸಾಮಾಜಿಕ ರಚನೆ’ ಅಂತ ಪರೀಕ್ಷೆಯಲ್ಲಿ ಬರೆಯಬಹುದು. ಆದರೆ ಈ ಮುಂದಿನ ಕಥೆಗೆ ಉತ್ತರ ಕೊಡಲಾಗುವುದಿಲ್ಲ. ಜೋಲ್ಪಿಡೆಮ್ ಅನ್ನುವ ನಿದ್ದೆ ಮಾತ್ರೆಗೆ ಅಮೆರಿಕದಲ್ಲಿ 1992ರಲ್ಲಿ ಒಪ್ಪಿಗೆ ಸಿಕ್ಕಿತು. ಗಂಡಸರಿಗೂ ಹೆಂಗಸರಿಗೂ ಒಂದೇ ಡೋಸ್, 10 ಮಿಲಿಗ್ರಾಂ. ಹೆಂಗಸರ ರಕ್ತದಲ್ಲಿ ಬೆಳಿಗ್ಗೆಯೂ ಔಷಧಿ ಹೆಚ್ಚು ಉಳಿದಿರುತ್ತದೆ, ಆ ಮಂಪರಿನಲ್ಲಿ ಕಾರು ಓಡಿಸಿದರೆ ಅಪಾಯ ಅಂತ 2013ರಲ್ಲಿ ಅಲ್ಲಿನ ಎಫ್‌ಡಿಎ ಮಹಿಳೆಯರ ಡೋಸನ್ನು ಅರ್ಧಕ್ಕೆ ಇಳಿಸಿತು. ಇಪ್ಪತ್ತು ವರ್ಷ! ಪ್ರಯೋಗಾಲಯದಲ್ಲೂ ಇದೇ ಕಥೆ. ನರವಿಜ್ಞಾನದ ಪ್ರಾಣಿ ಪ್ರಯೋಗಗಳಲ್ಲಿ ಹೆಣ್ಣು ಪ್ರಾಣಿಗಳನ್ನು ಮಾತ್ರ ಬಳಸಿದ ಒಂದು ಅಧ್ಯಯನಕ್ಕೆ ಗಂಡು ಪ್ರಾಣಿಗಳನ್ನು ಮಾತ್ರ ಬಳಸಿದ ಐದೂವರೆ ಅಧ್ಯಯನಗಳಿವೆ ಅಂತ 2011ರ ಒಂದು ಸಮೀಕ್ಷೆ ಎಣಿಸಿ ತೋರಿಸಿತು. ಹೆಣ್ಣಿಲಿಯ ಹಾರ್ಮೋನ್ ಚಕ್ರ ಲೆಕ್ಕ ಕೆಡಿಸುತ್ತದೆ ಅನ್ನುವುದು ಸಬೂಬು. ಹೆಣ್ಣಿಲಿಗಳ ಫಲಿತಾಂಶ ಗಂಡಿಲಿಗಳಿಗಿಂತ ಹೆಚ್ಚೇನೂ ಏರುಪೇರಾಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಂದರೆ ನೋಡಿ, ಬುದ್ಧಿಯ ವಿಷಯ ಬಂದಾಗ ಇಲ್ಲದ ವ್ಯತ್ಯಾಸವನ್ನು ಹುಡುಕಿದರು, ಔಷಧಿಯ ವಿಷಯ ಬಂದಾಗ ಇರುವ ವ್ಯತ್ಯಾಸವನ್ನು ಹುಡುಕಲಿಲ್ಲ. ಎರಡಕ್ಕೂ ಬೆಲೆ ಕೊಟ್ಟವರು ಒಬ್ಬರೇ.

ನನ್ನ ಡ್ರಾಯಿಂಗ್ ಮೇಷ್ಟ್ರ ಮಾತಿಗೆ ಮರಳುತ್ತೇನೆ. ವಸ್ತುವೊಂದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಹುಡುಗರ ಸರಾಸರಿ ಅಂಕ ಹೆಚ್ಚು ಬರುತ್ತದೆ ಅನ್ನುವುದು ಅನೇಕ ಅಧ್ಯಯನಗಳಲ್ಲಿ ಕಂಡ ಸಂಗತಿ. ಅದನ್ನು ಮುಚ್ಚಿಡಬೇಕಾಗಿಲ್ಲ. ಮುಚ್ಚಿಟ್ಟರೆ ಮುಂದಿನ ಪ್ರಶ್ನೆಯೇ ಹುಟ್ಟುವುದಿಲ್ಲ: ಯಾಕೆ?

2011ರಲ್ಲಿ ಮೋಶೆ ಹಾಫ್‌ಮನ್, ಉರಿ ನೀಝಿ, ಜಾನ್ ಲಿಸ್ಟ್ ಅನ್ನುವ ಮೂವರು ಇದನ್ನು ನಮ್ಮ ಈಶಾನ್ಯ ರಾಜ್ಯಗಳಿಗೆ ಬಂದು ಕೇಳಿದರು. ಖಾಸಿ ಮತ್ತು ಕಾರ್ಬಿ, ಎರಡು ಸಮುದಾಯಗಳು. ಅಕ್ಕಪಕ್ಕದ ಗುಡ್ಡಗಳು, ಎರಡೂ ಕಡೆ ಭತ್ತದ ಬೇಸಾಯ. ಖಾಸಿಗಳಲ್ಲಿ ಆಸ್ತಿ ಕಿರಿಯ ಮಗಳಿಗೆ ಹೋಗುತ್ತದೆ. ಕಾರ್ಬಿಗಳಲ್ಲಿ ಗಂಡುಮಕ್ಕಳಿಗೆ, ಹೆಂಗಸರ ಹೆಸರಿನಲ್ಲಿ ಜಮೀನು ಇರುವುದೇ ಅಪರೂಪ. ಎಂಟು ಹಳ್ಳಿಗಳ ಸುಮಾರು 1300 ಜನರ ಕೈಗೆ ನಾಲ್ಕು ತುಂಡುಗಳ ಒಂದು ಪಜಲ್ ಕೊಟ್ಟು ಜೋಡಿಸಲು ಹೇಳಿದರು. ಕಾರ್ಬಿಗಳಲ್ಲಿ ಗಂಡಸರು ಹೆಂಗಸರಿಗಿಂತ ಶೇ 36ರಷ್ಟು ಕಡಿಮೆ ಸಮಯದಲ್ಲಿ ಜೋಡಿಸಿದರು. ಖಾಸಿಗಳಲ್ಲಿ? ಗಂಡು-ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ. ಕಾರ್ಬಿಗಳಲ್ಲಿ ಕಂಡ ಅಂತರದ ಸುಮಾರು ಮೂರನೇ ಒಂದು ಭಾಗಕ್ಕೆ ಶಾಲೆಗೆ ಹೋದ ವರ್ಷಗಳ ವ್ಯತ್ಯಾಸವೇ ಕಾರಣ ಅಂತ ಅವರು ಲೆಕ್ಕ ಹಾಕಿದರು.

ಇದೂ ಕೊನೆಯ ಮಾತಲ್ಲ. ಎರಡೇ ಸಮುದಾಯ, ಒಂದೇ ಪಜಲ್. ಆಸ್ತಿ ಮಗಳ ಹೆಸರಿಗಿದ್ದ ಮಾತ್ರಕ್ಕೆ ಪಂಚಾಯಿತಿಯಲ್ಲಿ ಅವಳ ಮಾತು ನಡೆಯುತ್ತದೆ ಅಂತಲೂ ಅಲ್ಲ, ಖಾಸಿ ಹೆಂಗಸರನ್ನು ಕೇಳಿದರೆ ಅವರೇ ಹೇಳುತ್ತಾರೆ. ಆದರೆ ಒಂದು ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ? ನಾಲ್ಕು ತುಂಡಿನ ಪಜಲ್ಲಿಗೆ ಲ್ಯಾಬ್ ಬೇಡ, ಗ್ರಾಂಟ್ ಬೇಡ. ಸ್ಟಾಪ್‌ವಾಚ್ ಪ್ರತಿ ಫೋನಿನಲ್ಲೂ ಇದೆ. ತಮ್ಮ ಊರಲ್ಲೇ, ತಮ್ಮ ಮನೆಗಳಲ್ಲೇ ವಿದ್ಯಾರ್ಥಿಗಳು ಮಾಡಿ ನೋಡಲಿ. ಎಷ್ಟು ಜನ ಸಾಕು, ಸರಾಸರಿ ಏನನ್ನು ಬಚ್ಚಿಡುತ್ತದೆ, ಹೊಲ ಯಾರ ಹೆಸರಲ್ಲಿದೆ ಅನ್ನುವ ಪ್ರಶ್ನೆಯನ್ನು ಅತ್ತೆ-ಮಾವನ ಮುಂದೆ ಕೇಳಿದರೆ ಏನಾಗುತ್ತದೆ, ಎಲ್ಲ ಕಲಿಯುತ್ತಾರೆ. ಸಂಖ್ಯಾಶಾಸ್ತ್ರ ಮತ್ತು ಸಮಾಜಶಾಸ್ತ್ರ ಎರಡೂ ಒಂದೇ ಮಧ್ಯಾಹ್ನ.

ಡ್ರಾಯಿಂಗ್ ವಿಷಯಕ್ಕಂತೂ ಉತ್ತರ ನಾನು ಕಾಲೇಜು ಸೇರುವ ಎಷ್ಟೋ ಮೊದಲೇ ಇತ್ತು. ಮಿಷಿಗನ್ ಟೆಕ್‌ನ ಶೆರಿಲ್ ಸೋರ್ಬಿ ವಿದ್ಯಾರ್ಥಿನಿಯಾಗಿದ್ದಾಗ ಸ್ವತಃ ಇದೇ ವಿಷಯದಲ್ಲಿ ಒದ್ದಾಡಿದವರು. 1993ರಲ್ಲಿ ಶುರುವಾದ ಅವರ ಕೋರ್ಸ್, ತ್ರೀಡಿ ಕಲ್ಪನೆಯಲ್ಲಿ ಹಿಂದುಳಿದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬ್ಲಾಕ್‌ಗಳನ್ನು ಜೋಡಿಸಿ, ಕೈಯಲ್ಲಿ ಚಿತ್ರ ಬಿಡಿಸಿ ತರಬೇತಿ ಕೊಡುತ್ತಿತ್ತು. ಹಿಂದುಳಿದವರಲ್ಲಿ ಹುಡುಗಿಯರು ಹೆಚ್ಚಿದ್ದರು ನಿಜ. ಒಂದೇ ಸೆಮಿಸ್ಟರಿನಲ್ಲಿ ಅಂಕಗಳು ಏರಿದವು, ಇಂಜಿನಿಯರಿಂಗ್ ಬಿಟ್ಟು ಹೋಗುವ ಹುಡುಗಿಯರ ಸಂಖ್ಯೆ ಇಳಿಯಿತು. ‘ಪ್ರಾಕ್ಟೀಸ್ ಮಾಡೋ’ ಅಂತ ನನಗೆ ಹೇಳಿದ್ದನ್ನು ಅವರು ಎಲ್ಲರಿಗೂ ಹೇಳಿದರು, ಅಷ್ಟೇ. ನಮ್ಮ ಐಐಟಿಗಳಲ್ಲಿ 2016ರಲ್ಲಿ ಹುಡುಗಿಯರು ಸುಮಾರು ಶೇ 8. ಹೆಚ್ಚುವರಿ ಸೀಟು ಕೊಡಲು ಶುರು ಮಾಡಿದ 2018ರಲ್ಲಿ ಶೇ 14ರ ಗುರಿ, 2020ಕ್ಕೆ ಶೇ 20. ನಾಲ್ಕು ವರ್ಷದಲ್ಲಿ ದೇಶದ ಹುಡುಗಿಯರ ಮೆದುಳು ಬದಲಾಯಿತಾ?

ನಮ್ಮ ಅಜ್ಜಿಯ ಮಾತೂ ಇಲ್ಲಿ ಬರಬೇಕು. ಶಿರಾ ಕಡೆಯ ಹಳ್ಳಿ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಪ್ಪತ್ತೈದು ದಾಟಿದ ಮೇಲೆ ಮರೆವು ಶುರುವಾಯಿತು. ಆಸ್ಪತ್ರೆಯಲ್ಲಿ ಕಾಗದ-ಪೆನ್ಸಿಲ್ ಕೊಟ್ಟು, ಒಂದರ ಮೇಲೊಂದು ಹಾಯ್ದ ಎರಡು ಐದು-ಮೂಲೆಯ ಚಿತ್ರಗಳನ್ನು ನೋಡಿ ಬಿಡಿಸಿ ಅಂದರು. ಅಜ್ಜಿ ಪೆನ್ಸಿಲನ್ನು ಹೇಗೆ ಹಿಡಿಯುವುದು ಅಂತ ನನ್ನ ಮುಖ ನೋಡಿದರು. ಸೊನ್ನೆ ಅಂಕ. ಇಪ್ಪತ್ತೊಂದು ಚುಕ್ಕಿಯ ರಂಗೋಲಿಯನ್ನು ಕತ್ತಲಲ್ಲೇ, ಒಂದು ಎಳೆಯೂ ತಪ್ಪದ ಹಾಗೆ ಬಿಡಿಸುತ್ತಿದ್ದ ಕೈ ಅದು. ಮರೆವಿನ ಕಾಯಿಲೆ ನಿಜವಾಗಿಯೂ ಇತ್ತು, ಅದರಲ್ಲಿ ವೈದ್ಯರ ತಪ್ಪೇನಿಲ್ಲ. ಆದರೆ ಆ ಸೊನ್ನೆಯಲ್ಲಿ ಕಾಯಿಲೆ ಎಷ್ಟು, 1940ರ ದಶಕದಲ್ಲಿ ಮಗಳನ್ನು ಶಾಲೆಗೆ ಕಳಿಸದ ನಮ್ಮ ಮುತ್ತಜ್ಜ ಎಷ್ಟು ಅಂತ ಯಾರು ಬಿಡಿಸಿ ಹೇಳಬೇಕು?

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅವರ ಮೆದುಳಿಗೆ ವಯಸ್ಸಾಗುವುದನ್ನು ಗಮನಿಸುವ ಯೋಜನೆ ಹಾಕಿಕೊಂಡಿದೆ. ಐಸಿಎಂಆರ್ ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ನೆನಪಿನ ಪರೀಕ್ಷೆಗಳನ್ನು ರೂಪಿಸಿದೆ. ಅಂದರೆ ಪ್ರಪಂಚಕ್ಕೆ ಬೇಕಾದ ಮೆದುಳಿನ ದತ್ತಾಂಶ ಕೋಲಾರದ ಅಜ್ಜಿಯರಿಂದ ಬರುತ್ತಿದೆ. ಕೋಲಾರದ ಪದವಿ ಕಾಲೇಜಿನ ಮೊಮ್ಮಗಳಿಗೆ ಅದನ್ನು ಓದುವ ಒಂದು ಪೇಪರ್ ಇರಬಾರದಾ?

ಇದಕ್ಕೆ ಆಕ್ಷೇಪಗಳು ಇದ್ದೇ ಇವೆ. ‘ಸೈನ್ಸಿಗೆ ಪಾಲಿಟಿಕ್ಸ್ ತರಬೇಡಿ’ ಅನ್ನುವವರಿಗೆ ಬ್ರೋಕಾನ ಕಥೆ ಸಾಕು, ಅಲ್ಲಿ ಪಾಲಿಟಿಕ್ಸ್ ಮೊದಲೇ ಬಂದು ಕುರ್ಚಿ ಹಾಕಿಕೊಂಡು ಕೂತಿತ್ತು. ನನಗೆ ಹೆಚ್ಚು ಗಂಭೀರ ಅನ್ನಿಸುವುದು ಸ್ತ್ರೀವಾದಿ ಗೆಳತಿಯರ ಆತಂಕ. ಜೀವಶಾಸ್ತ್ರಕ್ಕೆ ಬಾಗಿಲು ತೆಗೆದರೆ ಅದು ತೀರ್ಪು ಕೊಡಲು ಬರುತ್ತದೆ ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಟ್ರಾನ್ಸ್‌ಜೆಂಡರ್ ಸಮುದಾಯದ ಪರವಾಗಿ ಮಾತಾಡುವ ಒಳ್ಳೆಯ ಮನಸ್ಸಿನವರೂ ‘ಅವರ ದೇಹ ಗಂಡು, ಮೆದುಳು ಹೆಣ್ಣು’ ಅನ್ನುವುದನ್ನು ಕೇಳಿದ್ದೇನೆ. ಕೇಳಲು ಚೆನ್ನಾಗಿದೆ. ನಾಳೆ ಅಧಿಕಾರಿಯೊಬ್ಬರು ‘ಹಾಗಾದರೆ ಸ್ಕ್ಯಾನ್ ರಿಪೋರ್ಟ್ ತನ್ನಿ’ ಅಂದರೆ? 2014ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದೇಹ ಪರೀಕ್ಷೆಯನ್ನು ಬದಿಗಿಟ್ಟು ವ್ಯಕ್ತಿ ತನ್ನನ್ನು ತಾನು ಏನೆಂದು ಗುರುತಿಸಿಕೊಳ್ಳುತ್ತಾರೆ ಅನ್ನುವುದಕ್ಕೆ ಮನ್ನಣೆ ಕೊಟ್ಟಿತು. ಹಕ್ಕು ಸ್ಕ್ಯಾನಿನ ಮೇಲೆ ನಿಂತಿಲ್ಲ, ನಿಲ್ಲಲೂಬಾರದು. ಆದರೆ ಇದನ್ನು ಬಿಡಿಸಿ ಹೇಳಲು ಸ್ಕ್ಯಾನ್ ಏನು ಹೇಳುತ್ತದೆ, ಏನು ಹೇಳಲಾರದು ಅಂತ ಗೊತ್ತಿರಬೇಕು. ಬಾಗಿಲು ಮುಚ್ಚಿದರೆ ಜೀವಶಾಸ್ತ್ರ ಹೊರಗೆ ಉಳಿಯುವುದಿಲ್ಲ, ವಾಟ್ಸಾಪಿನ ಕಿಟಕಿಯಿಂದ ಒಳಗೆ ಬರುತ್ತದೆ.

ಭಾಷೆಯ ತೊಂದರೆಯೂ ಇದೆ. ಕನ್ನಡದಲ್ಲಿ ‘ಲಿಂಗ’ ಅಂದರೆ ವ್ಯಾಕರಣ, ದೇವರು, ದೇಹ, ಮೀಸಲಾತಿ ಅರ್ಜಿಯ ಕಾಲಂ, ಎಲ್ಲವೂ. ‘ಲಿಂಗತ್ವ’ ಅಂತ ಹೊಸ ಪದ ಬಂದಿದೆ, ಕ್ಲಾಸಿನಲ್ಲಿ ಹೇಳಿದರೆ ಹುಡುಗರು ಇನ್ನೂ ಕಿಸಕ್ಕನೆ ನಗುತ್ತಾರೆ. ನಗಲಿ ಬಿಡಿ, ಎರಡು ವಾರ ಆದ ಮೇಲೆ ನಿಲ್ಲುತ್ತದೆ. ಪಕ್ಕದ ತೆಲಂಗಾಣದಲ್ಲಿ ಹೈದರಾಬಾದಿನ ಜೆಎನ್‌ಟಿಯು ತನ್ನ ಇಂಜಿನಿಯರಿಂಗ್ ಕಾಲೇಜುಗಳಿಗೆ ಜೆಂಡರ್ ಪಾಠವನ್ನು ತಂದು, 2015ರಲ್ಲಿ ತೆಲುಗು-ಇಂಗ್ಲಿಷ್ ಎರಡರಲ್ಲೂ ಇರುವ ಪಠ್ಯಪುಸ್ತಕ ಬಂತು. ಅದರಲ್ಲಿ ನರವಿಜ್ಞಾನ ಇಲ್ಲ, ಸರಿ. ಆದರೆ ಮೆಕ್ಯಾನಿಕಲ್ ಹುಡುಗರೂ ಈ ಪಾಠಕ್ಕೆ ಕೂರುತ್ತಾರೆ ಅಂತ ಅದು ತೋರಿಸಿತಲ್ಲ.

ಈ ಲೇಖನ ಬರೆಯುವ ಮೊದಲು ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಇಬ್ಬರು ಅಧ್ಯಾಪಕರ ಜೊತೆ ಮಾತಾಡಿದೆ. ಒಬ್ಬರು ಪ್ರಾಣಿಶಾಸ್ತ್ರ, ಇನ್ನೊಬ್ಬರು ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಇಂಥ ಪೇಪರ್ ಕೊಟ್ಟರೆ ಇಬ್ಬರೂ ಸೇರಿ ಮಾಡ್ತೀರಾ ಅಂತ ಕೇಳಿದೆ. ಪ್ರಾಣಿಶಾಸ್ತ್ರದವರು ‘ನನಗೆ ನರಮಂಡಲದ ಪಾಠ ಕೊಡಿ, ಉಳಿದದ್ದು ಮೇಡಂ ನೋಡ್ಕೊಳ್ಲಿ’ ಅಂದರು. ‘ಹಾಗಲ್ಲ ಸಾರ್, ಇಬ್ಬರೂ ಒಂದೇ ಪೀರಿಯಡ್‌ನಲ್ಲಿ ಕ್ಲಾಸಲ್ಲಿರಬೇಕು, ನೀವು ಹೇಳಿದ್ದನ್ನ ಅವರು ಪ್ರಶ್ನೆ ಮಾಡಬೇಕು, ಅವರು ಹೇಳಿದ್ದನ್ನ ನೀವು’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗರಿಗೆ ಮಜಾ ಬರುತ್ತೆ ಅಂದರು.

ಅಡ್ಡಿ ಹೇಳಿದ್ದು ಉಪನ್ಯಾಸಕಿ. “ಮನಸ್ಸೇನೋ ಇದೆ ಸಾರ್. ಆದ್ರೆ ವರ್ಕ್‌ಲೋಡ್ ಲಿಸ್ಟಲ್ಲಿ ಒಂದು ಪೀರಿಯಡ್‌ಗೆ ಒಂದೇ ಹೆಸರು ಬರೆಯೋಕಾಗೋದು. ಅವರ ಹೆಸರು ಬರೆದ್ರೆ ನನ್ನ ಗಂಟೆ ಕಮ್ಮಿ ಆಗುತ್ತೆ. ಗಂಟೆ ಕಮ್ಮಿ ಆದ್ರೆ ಮುಂದಿನ ವರ್ಷ ನಾನಿರಲ್ಲ.”